ಎಂಟು ಖಾಲಿ ತಟ್ಟೆ

"ಬಾವುಟ ಹಿಡಿದು ಬೊಬ್ಬೆ ಹೊಡೆದರೆ ಆಯ್ತಾ? ಮೂರು ದಿನದಿಂದ ಅದೇ ನಲವತ್ತು ಜನ! ನಾಚಿಕೆ ಇಲ್ವಾ ನಿಮಗೆ?" ಮದರಾಸಿನ ಸೌಕಾರ್‌ಪೇಟೆಯ ಹೋಟೆಲಿನ ಅಡುಗೆಮನೆ ಬಾಗಿಲಲ್ಲಿ ಸಪ್ಲೈಯರ್ ಮೋನಪ್ಪ, ತನ್ನನ್ನು ಮೆರವಣಿಗೆಗೆ ಕರೆಯಲು ಬಂದ ಹೋಟೆಲ್ ಕೆಲಸಗಾರರ ಸಂಘದ ಐತಪ್ಪನ ಮೇಲೆ ಹಾರಿಬಿದ್ದ. ಕುದಿಯುವ ಸಾಂಬಾರು ಬಿದ್ದು ಕೈ ಸುಟ್ಟುಕೊಂಡ ಅಡುಗೆಮನೆಯ ಹುಡುಗ ಚಂದುವನ್ನು ಧಣಿ ಕೆಲಸದಿಂದ ಕಿತ್ತುಹಾಕಿದ್ದ. ಅದಕ್ಕೇ ಈ ಮೆರವಣಿಗೆ.

"ನೀನು ಒಳಗೆ ದೋಸೆ ಕೊಡ್ತಾ ನಿಂತರೆ ಜನ ಎಲ್ಲಿಂದ ಸೇರ್ತಾರೆ ಮಾರಾಯ? ಮದರಾಸಿನವರೆಲ್ಲ ನಮ್ಮ ಕೈಯಿಂದಲೇ ತಿನ್ನೋದು. ಅಂಗಿ ಹಾಕಿ ಬೀದಿಗಿಳಿದರೆ ಒಬ್ಬನಿಗೂ ನಮ್ಮ ಗುರ್ತ ಇಲ್ಲ."

ಆ ಮಾತು ಮೋನಪ್ಪನಿಗೆ ನಾಟಿತು. ಬನಿಯನ್ನಿನಲ್ಲೇ, ಹೆಗಲಿಗೆ ಟವೆಲ್ ಎಸೆದುಕೊಂಡು, ದಿನಾ ದೋಸೆ ಒಯ್ಯುವ ಹಾಗೆಯೇ ಮಣಿಕಟ್ಟಿನಿಂದ ಭುಜದವರೆಗೆ ಎಂಟು ಖಾಲಿ ತಟ್ಟೆ ಜೋಡಿಸಿಕೊಂಡ. ಕೆಲಸದವರು ಹಿತ್ತಲ ಬಾಗಿಲಲ್ಲೇ ಓಡಾಡಬೇಕೆಂಬುದು ಅಲ್ಲಿಯ ಕಟ್ಟಳೆ. ಅವನು ಗಿರಾಕಿಗಳ ನಡುವೆ ಮುಂಬಾಗಿಲಿಗೆ ನಡೆದ.

"ಹೊಸ್ತಿಲು ದಾಟಿದರೆ ಮತ್ತೆ ಬರಬೇಡ!" ಗಲ್ಲಾದಿಂದ ಧಣಿ ಗುಡುಗಿದ.

ಮೋನಪ್ಪ ದಾಟಿದ. ಹನ್ನೆರಡು ವರ್ಷ ಆ ಕೈಯಿಂದ ತಿಂಡಿ ತಿಂದ ಗುಮಾಸ್ತರೊಬ್ಬರು ಅರ್ಧ ದೋಸೆ ಬಿಟ್ಟು ಎದ್ದರು. "ಅಡ, ನಮ್ಮ ಮೋನಪ್ಪ!" ಎಂದು ತಮಿಳಿನಲ್ಲಿ ಉದ್ಗರಿಸಿದರು. ಅವರು ಕೈ ತೊಳೆದು ಮೆರವಣಿಗೆಯತ್ತ ಹೊರಟಾಗ, ಹಿಂದೆ ಇನ್ನಷ್ಟು ಕುರ್ಚಿಗಳು ಸರಿದ ಸದ್ದಾಯಿತು. ಮೋನಪ್ಪ ತಿರುಗಿ ನೋಡಲಿಲ್ಲ. ಆ ಹೊಸ್ತಿಲನ್ನು ಮತ್ತೆಂದೂ ತುಳಿಯಲೂ ಇಲ್ಲ.