ಎರಡನೆಯ ಜೋಕಾಲಿ

ಅಪ್ಪ ತೀರಿಕೊಂಡ ಐದನೆಯ ದಿನ, ಅವನು ತನ್ನ ಮೇಲೆ ಹೊತ್ತುಕೊಂಡಿದ್ದ ಅವ್ವನ ದುಃಖವನ್ನು ವಾಪಸು ಕೊಡಲು ಪಂಚಾಯಿತಿಯ ನೀಲವ್ವ ಬಂದಳು. ಹೊತ್ತವರು ಸತ್ತರೆ ದುಃಖ ಮೂಲದವರಿಗೇ ಮರಳುತ್ತದೆ. ಎಲ್ಲರ ಮನೆಯಲ್ಲೂ ನಡೆಯುವುದೇ. ಚಹಾ ಮುಗಿಸಿ ಅವಳು ತಾನು ತಂದಿದ್ದ ಡಬ್ಬಿಯ ಮೇಲಿನ ಚೀಟಿ ಓದಿದಳು.

“ಒಂದ ಐತಿ, ಆಯಿ. ಐವತ್ತೆಂಟು ವರ್ಷದ್ದು, ನೆನಪು ಸಮೇತ ಹೊತ್ತಾರ.”

ನಾನು ಹುಟ್ಟುವುದಕ್ಕೂ ಮೊದಲಿನದು.

“ಎಮ್ಮಿ ಸತ್ತಿದ್ದಿರಬೇಕು,” ಎಂದು ಅವ್ವ ಸಣ್ಣಗೆ ನಕ್ಕಳು. “ನಮ್ಮ ಮನಿಯವರು ತೊಂಬತ್ತೊಂದು ವರ್ಷ ಬಾಳಿದ್ರು. ನನ್ನ ಕಣ್ಣಾಗ ನೀರ ಬಂದ್ರ ಅವರು ತಡಕೋತಿದ್ದಿಲ್ಲ.”

ಅವ್ವ ಡಬ್ಬಿಯ ಮುಚ್ಚಳ ತೆಗೆದಳು. ನಗು ಹಾಗೆಯೇ ಮುಖದ ಮೇಲೆ ನಿಂತುಹೋಯಿತು. ನಿಧಾನವಾಗಿ ಕತ್ತೆತ್ತಿ ಪಡಸಾಲೆಯ ತೊಲೆಯನ್ನು ನೋಡಿದಳು.

ಆ ತೊಲೆಗೆ ಅಪ್ಪ ಪ್ರತಿ ನಾಗರಪಂಚಮಿಗೆ ಎರಡು ಜೋಕಾಲಿ ಕಟ್ಟುತ್ತಿದ್ದ. ಮನೆಯಲ್ಲಿ ಇದ್ದ ಮಗು ನಾನೊಬ್ಬಳೇ. ಒಂದು ಕೈಯಿಂದ ನನ್ನನ್ನು ತೂಗುತ್ತ, ಇನ್ನೊಂದರಿಂದ ಖಾಲಿ ಜೋಕಾಲಿಯನ್ನೂ ತೂಗುತ್ತಿದ್ದ. ಅದು ಅವನ ಹುಚ್ಚು ಎಂದು ಅವ್ವ, ನಾನು ಇಬ್ಬರೂ ನಗುತ್ತಿದ್ದೆವು.

“ನಿನಗೊಬ್ಬ ಅಣ್ಣ ಇದ್ದ,” ಎಂದಳು ಅವ್ವ. “ನಾಕ ವರ್ಷದಾಂವ. ಪಂಚಮಿ ದಿನಾನ ಹೋದ.”

ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು.

“ನಾವು ನಗಾಕತ್ತಿದ್ವಿ... ಅವರು ಒಬ್ಬರ ಅಳಾಕತ್ತಿದ್ರೇನ?”