ಶಿವಲೀಲಾಳ ನಾಲಿಗೆ

ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು: ‘ವಿವೇಕಕ್ಕೆ ಇಂಗ್ಲಿಷಿನಲ್ಲಿ ಸೇಪಿಯೆನ್ಸ್. ಆ ಪದದ ಲ್ಯಾಟಿನ್ ಮೂಲಕ್ಕೆ ರುಚಿ ನೋಡುವುದು ಎಂದರ್ಥ.’ ಅದನ್ನು ಯಾರೂ ನಿಂತು ಓದುತ್ತಿರಲಿಲ್ಲ. ಬಾಯಿಬಿಟ್ಟು ಹೇಳಿದ ನಿರ್ಧಾರ ಸರಿಯಿದ್ದರೆ ನಾಲಿಗೆಗೆ ಸಿಹಿ, ತಪ್ಪಿದ್ದರೆ ಕಹಿ ಎಂಬುದು ಮಕ್ಕಳಿಗೂ ಗೊತ್ತಿತ್ತು.

ಶಿವಲೀಲಾಳ ಗಂಡ ಪ್ರಜ್ಞೆಯಿಲ್ಲದೆ ಒಳಗೆ ಮಲಗಿದ್ದ. ಆಪರೇಷನ್ ಮಾಡಿದರೂ ಜೀವಕ್ಕೆ ಅಪಾಯ, ಬಿಟ್ಟರೂ ಅಪಾಯ. ಇಂಥಲ್ಲಿ ಹೆಂಡತಿಯ ನಾಲಿಗೆ ಹೇಳಿದಂತೆ ನಡೆಯುವುದು ಪದ್ಧತಿ.

“‘ಆಪರೇಷನ್ ಆಗ್ಲಿ’ ಅಂತ ಅಂದು ನೋಡ್ರಿ ಅಕ್ಕಾರ,” ಎಂದರು ಡಾಕ್ಟರು. “ಹೆಂಗ ಹತ್ತತೈತಿ?”

ಅವಳು ಅಂದಳು. ಬಾಯಲ್ಲಿ ಏನೂ ಇರಲಿಲ್ಲ. ಹಿಂದಿನ ತಿಂಗಳ ಜ್ವರ ರುಚಿಯನ್ನೇ ಒಯ್ದಿತ್ತು. ತಿಳಿಗೇಡಿ ಎಂದಾರೆಂದು ಅವಳು ಯಾರಿಗೂ ಹೇಳಿರಲಿಲ್ಲ.

“ಸಿಹಿ ಐತ್ರಿ,” ಎಂದಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿ, ಕೆಂಪು ದೀಪ ಹತ್ತಿತು. ನಾದಿನಿ ಕಸ್ತೂರಿ ಕ್ಯಾಂಟೀನಿನಿಂದ ಇಬ್ಬರಿಗೂ ಚಹಾ ತಂದಳು. ಶಿವಲೀಲಾ ಒಂದೇ ಉಸಿರಿಗೆ ಕುಡಿದಳು.

ಕಸ್ತೂರಿ ಒಂದು ಗುಟುಕು ಕುಡಿದು ಉಗುಳಿದಳು. “ಥೂ! ಸಕ್ಕರಿ ಬದ್ಲಿ ಉಪ್ಪು ಸುರದಾನ, ಹುಚ್ಚಪ್ಯಾಲಿ!”

ಆಮೇಲೆ ಅವಳ ಕಣ್ಣು ಶಿವಲೀಲಾಳ ಕೈಯಲ್ಲಿದ್ದ ಖಾಲಿ ಕಪ್ಪಿನ ಮೇಲೆ ಬಿತ್ತು.

“ವೈನಿ… ನೀವು ಪೂರ್ತಿ ಕುಡದೀರಲ್ಲ?”

ಕಸ್ತೂರಿ ಕೆಂಪು ದೀಪವನ್ನೇ ನೋಡುತ್ತ, ತಾನೇ ಅಂದು ರುಚಿ ನೋಡಲು “ಆಪರೇಷನ್ ಆ…” ಎಂದು ಶುರುಮಾಡಿದಳು.

ಮುಂದಿನ ಮಾತು ಬರುವ ಮೊದಲೇ ಶಿವಲೀಲಾ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿದಳು.