ಡಬ್ಬಿಯೊಳಗಿನ ಸೀಟಿ

“ಸೂರ್ಯಕಾಂತಣ್ಣಾ, ರಿಪೇರಿ ಮಾಡ್ರಿ ಅಂದ್ರ ಒಳಗ ಸೊಳ್ಳಿ ಸಾಕಿ ಕೊಟ್ಟೀರಲ್ಲಾ!” ಎನ್ನುತ್ತ ಚಪ್ಪಲಿ ಬಿಟ್ಟು ಒಳಗೆ ಬಂದ ಮಿಲಿಂದ, ಗಿಟಾರಿನ ಡಿಲೇ ಪೆಡಲನ್ನು ಮೇಜಿನ ಮೇಲೆ ಕುಕ್ಕಿದ. “ಹಚ್ಚಿದ್ರ ಸಾಕು, ಕುಂಯ್ ಅಂತ ಒಂದ ಸಮ ಸೀಟಿ. ಸಂಜಿಗೆ ನಾಂಪಲ್ಲಿ ಎಕ್ಸಿಬಿಷನ್ನಿನಾಗ ನಮ್ಮ ಆರ್ಕೆಸ್ಟ್ರಾ ಐತಿ. ಮಂದಿ ಮುಂದ ನಾ ಏನ್ ಬಾರಿಸ್ಲಿ?”

“ಮೆಹದಿಪಟ್ಟಣದಾಗ ಬಸ್ಸಿಗೆ ನಿಂತಿದ್ದಿ ಹೌದಿಲ್ಲೋ? ಅಲ್ಲಿ ಸೊಳ್ಳಿ ನಿನ್ನ ಕಿವ್ಯಾಗ ಹೊಕ್ಕೈತಿ ತಗೋ,” ಎಂದು ಸೂರ್ಯಕಾಂತ ನಕ್ಕ. ತನ್ನ ಕೈಯಿಂದ ಹೋದ ಡಬ್ಬಿ ಸೀಟಿ ಹೊಡೆಯುವುದೆಂದರೇನು!

ನಲವತ್ತು ವರ್ಷ ಹಳೆಯ ಜಪಾನಿನ ಮಾಲು ಅದು. ಗಿಟಾರಿನ ಒಂದು ಸ್ವರ ಒಳಗೆ ಹೋದರೆ ತುಸು ತಡೆದು, ಬಾವಿಯೊಳಗೆ ಕೂಗಿದ ಹಾಗೆ ಮತ್ತೆ ಮತ್ತೆ ಹೊರಗೆ ಬರಬೇಕು. ಆ ಮರುದನಿ ಇನ್ನಷ್ಟು ತಡವಾಗಿ ಬರುವ ಹಾಗೆ ಮಾಡಿಕೊಡಿ ಎಂದು ಮಿಲಿಂದ ಹೋದ ವಾರ ಕೊಟ್ಟಿದ್ದ. ಮರುದನಿಯನ್ನು ಹಾಗೆ ಎಳೆದಾಗ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಸಣ್ಣ ಸೀಟಿಯೊಂದು ಸ್ವರದ ಜೊತೆ ಹೊರಗೆ ಸೋರುತ್ತದೆ. ಜೋಳದ ಕಾಳಿನಷ್ಟು ಸ್ಕ್ರೂ ಒಂದನ್ನು ಕೂದಲೆಳೆಯಷ್ಟು ತಿರುಗಿಸಿ ಅದನ್ನು ಅಡಗಿಸಬೇಕು. ಸೂರ್ಯಕಾಂತ ಇದನ್ನು ಯಾವ ಕಾಲೇಜಿನಲ್ಲೂ ಕಲಿತವನಲ್ಲ, ಯಂತ್ರ ನೋಡಿ ಮಾಡುವವನೂ ಅಲ್ಲ. ಕಣ್ಣು ಮುಚ್ಚಿ, ಕಿವಿಗೊಟ್ಟು ಮಾಡುವವನು. ಚೆನ್ನೈ, ಪುಣೆ, ಗೋವಾದಿಂದ ಪಾರ್ಸೆಲ್ ಬರುತ್ತಿದ್ದದ್ದು ಆ ಕಿವಿಯನ್ನು ನಂಬಿಯೇ.

ಪೆಡಲನ್ನು ಸ್ಪೀಕರಿಗೆ ಜೋಡಿಸಿ ಸ್ವಿಚ್ ಒತ್ತಿದ. ಮಿಲಿಂದ ಹೆಗಲಿಗಿದ್ದ ಗಿಟಾರನ್ನು ಅದಕ್ಕೆ ಸಿಕ್ಕಿಸಿ, ತಂತಿ ಮೀಟಿ, ಕೈಯಿಂದ ಅದನ್ನು ಅಲ್ಲೇ ಹಿಡಿದ. ಮರುದನಿ ಐದಾರು ಸಲ ಬಂದು, ಮೆತ್ತಗಾಗುತ್ತ ಕರಗಿತು. ಆಮೇಲೆ ಎಲ್ಲ ಶಾಂತ.

“ಕೇಳ್ದಿ? ಬೆಣ್ಣಿ ಆಗೈತಿ, ಬೆಣ್ಣಿ!”

“ಅಣ್ಣಾ, ಚ್ಯಾಷ್ಟಿ ಮಾಡಬ್ಯಾಡ್ರಿ. ಈಗೂ ಕೂಗಾಕತ್ತೈತಿ.”

“ಎಲ್ಲಿ ಕೂಗಾಕತ್ತೈತಿ? ಏ ಇವಳೇ, ಇಲ್ಲಿ ಬಾ ಒಂಚೂರು. ಇವಂಗ ಬುದ್ಧಿ ಹೇಳು.” ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ಗಂಡ ಹೂಂ ಅಂದರೆ ಶಿವದೇವಿ ಊಹೂಂ ಅನ್ನದ ದಿನವಿರಲಿಲ್ಲ. ಇಂಥವಳ ಸಾಕ್ಷಿಗೆ ತೂಕ ಹೆಚ್ಚು ಎಂದೇ ಅವನು ಕರೆದದ್ದು.

ಅವಳು ಪುಂಡಿಪಲ್ಯ ಸೋಸುತ್ತಿದ್ದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು. “ಮೊದಲ ಅದನ್ನ ಬಂದ್ ಮಾಡ್ರಿ! ತಲಿಯೊಳಗ ಸೂಜಿ ಚುಚ್ಚಿದಂಗ ಆಗತೈತಿ.”

“ಯಾವುದನ್ನ?”

“ಅದನ್ನರೀ, ಆ ಸೀಟಿನ! ಹೋದ ತಿಂಗಳದ ಡಬ್ಬಿನೂ ಹಿಂಗ ಒದರತಿತ್ತು, ಅದರ ಹಿಂದಿಂದೂ. ರಿಪೇರಿ ಅಂದ್ರ ಹಿಂಗ ಇರತೈತಿ ಅಂತ ನಾ ಸುಮ್ಮನಿದ್ದೆ.”

ಸೂರ್ಯಕಾಂತ ಮತ್ತೆ ನಕ್ಕ. ಅವನ ಜೊತೆ ಯಾರೂ ನಗಲಿಲ್ಲ.

ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಸ್ಕೋಪ್ ಇತ್ತು, ಸದ್ದನ್ನು ಗೆರೆಯಾಗಿ ತೋರಿಸುವ ಯಂತ್ರ. ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು, ಎಂದೂ ಬಳಸಿದ್ದಿಲ್ಲ. ಬಟ್ಟೆ ಎಳೆದು, ಅದರ ತಂತಿಯನ್ನು ಪೆಡಲಿಗೆ ಸಿಕ್ಕಿಸಿದ. ಮಿಲಿಂದ ಗಿಟಾರ್ ಮುಟ್ಟದೆ ಕೈಕಟ್ಟಿ ನಿಂತಿದ್ದ. ಪರದೆಯ ಮೇಲೆ, ಸದ್ದಿಲ್ಲದಿದ್ದರೆ ನೆಟ್ಟಗೆ ಮಲಗಿರಬೇಕಾದ ಹಸಿರು ಗೆರೆ ಬಾಚಣಿಕೆಯ ಹಲ್ಲಿನ ಹಾಗೆ ಒತ್ತೊತ್ತಾಗಿ ಎದ್ದು ನಿಂತಿತು.

ಸೂರ್ಯಕಾಂತ ಬಲಗಿವಿಯನ್ನು ಸ್ಪೀಕರಿಗೆ ಹಚ್ಚಿದ. ಆಮೇಲೆ ಎಡಗಿವಿ. ಹೊರಗಿನ ಬಸ್ಸಿನ ಹಾರ್ನು ಕೇಳಿಸಿತು. ಮೇಲಿನ ಫ್ಯಾನಿನ ಗೊರಗೊರ ಕೇಳಿಸಿತು. ಸ್ಪೀಕರಿನಲ್ಲಿ ಮಾತ್ರ ಏನೂ ಇಲ್ಲ. ಶಿವದೇವಿ ತಡೆಯಲಾಗದೆ ಎರಡೂ ಕೈಯೆತ್ತಿ ಕಿವಿ ಮುಚ್ಚಿಕೊಂಡಳು. ಅವಳ ಕೈತುಂಬ ಗಾಜಿನ ಬಳೆ. ಒಂದರ ಮೇಲೊಂದು ಮೊಣಕೈವರೆಗೆ ಜಾರಿ ಬಿದ್ದದ್ದು ಅವನಿಗೆ ಚೆನ್ನಾಗಿ ಕಂಡಿತು. ಕಂಡಿತು, ಅಷ್ಟೇ. ಆ ಬಳೆಗಳ ಸದ್ದು ಕೇಳಿ ಎಷ್ಟು ದಿನವಾಯಿತೆಂದು ನೆನೆಸಿಕೊಳ್ಳಲು ಹೋದ. ನೆನಪಾಗಲಿಲ್ಲ.

ಇತ್ತೀಚೆಗೆ ಪಾರ್ಸೆಲ್ ಕಡಿಮೆಯಾಗಿದ್ದವು. ಕಳಿಸಿದ ಡಬ್ಬಿಯನ್ನು ಯಾರೂ ಮರಳಿ ಕಳಿಸುತ್ತಿರಲಿಲ್ಲ, ಫೋನೂ ಮಾಡುತ್ತಿರಲಿಲ್ಲ. ಮಂದಿ ಖುಷಿಯಾಗಿದ್ದಾರೆ ಎಂದೇ ಅವನು ತಿಳಿದಿದ್ದ.

“ಅಣ್ಣಾ...” ಮಿಲಿಂದನ ದನಿ ಇಳಿದಿತ್ತು. ಬಂದಾಗಿನ ಸಿಟ್ಟು ಮುಖದ ಮೇಲೆ ಇರಲಿಲ್ಲ. “ನೀರು ಕುಡೀತೀರೇನ್ರಿ? ವೈನೀ, ಒಂದ ಗ್ಲಾಸ್ ನೀರು ತರ್ರಿ.”

“ನೀರು ಗೀರು ಏನೂ ಬ್ಯಾಡ.” ಸೂರ್ಯಕಾಂತ ಸ್ಕೋಪನ್ನು ಆರಿಸಿಬಿಟ್ಟ. ಗೆರೆ ನೋಡಿ ಮಾಡುವ ಕೆಲಸ ತನ್ನದಲ್ಲ. ಪೆಡಲಿನ ತಳ ಬಿಚ್ಚಿ, ಸಣ್ಣ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ. “ಇಬ್ಬರೂ ಇಲ್ಲೇ ನಿಂದರ್ರಿ. ನಾ ಸ್ಕ್ರೂ ತಿರಗಸ್ತೀನಿ. ಸೀಟಿ ಹೋದ ಗಳಿಗಿಗೆ ಹೋತು ಅನ್ರಿ, ಅಲ್ಲೇ ನಿಲ್ಲಸ್ತೀನಿ. ಖರೇ ಹೇಳಬೇಕ ಮತ್ತ.”

ಸ್ಕ್ರೂಡ್ರೈವರಿನ ತುದಿ ಸ್ಕ್ರೂವಿನ ಸೀಳು ಸಿಗದೆ ಗಾಳಿಯಲ್ಲೇ ಆಚೆ ಈಚೆ ಅಲೆಯಿತು. ಬೆನ್ನ ಹಿಂದೆ ನಿಂತಿದ್ದ ಇಬ್ಬರಿಗೂ ಅವನ ಕೈ ಕಾಣುತ್ತಿರಲಿಲ್ಲ.

“ಹಾಂ, ಹೋತು ನೋಡ್ರಿ,” ಎಂದಳು ಶಿವದೇವಿ, ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ. “ಪೂರಾ ಹೋತು. ಚಲೋ ಆತು.”

“ಹೌದಣ್ಣಾ, ಏಕದಂ ಸಾಫ್!” ಎಂದ ಮಿಲಿಂದ.

ಸೂರ್ಯಕಾಂತನ ಸ್ಕ್ರೂಡ್ರೈವರ್ ಇನ್ನೂ ಸ್ಕ್ರೂವಿಗೆ ತಾಗಿಯೇ ಇರಲಿಲ್ಲ.